ಔಟ್ ಆಫ್ ಔಟ್: ಹನ್ನೆರಡು ಸೂತ್ರಗಳು

ಪೂರ್ತಿ ಅಂಕಕ್ಕೆ ನಮ್ಮ ಕಡೆ ‘ಔಟ್ ಆಫ್ ಔಟ್’ ಎನ್ನುತ್ತಾರೆ. ಇಂಗ್ಲೆಂಡಿನವರಿಗೆ ಅರ್ಥವಾಗದ ಈ ಇಂಗ್ಲಿಷು ಫಲಿತಾಂಶದ ದಿನ ಕರ್ನಾಟಕದ ಮನೆಮನೆಯಲ್ಲೂ ಕೇಳುತ್ತದೆ. 2022ರ ಎಸ್ಸೆಸ್ಸೆಲ್ಸಿಯಲ್ಲಿ 145 ಮಕ್ಕಳು 625ಕ್ಕೆ 625 ತೆಗೆದಿದ್ದರು. ಎರಡು ವರ್ಷ ಕಳೆದು ನೀಟ್, ಸಿಇಟಿಗೆ ಕೂತಾಗ ಆಟವೇ ಬೇರೆ. ಅಲ್ಲಿ ಪೇಪರು ತಿದ್ದುವ ಮೇಷ್ಟ್ರಿಲ್ಲ, ಸ್ಟೆಪ್ಪಿಗೆ ಅರ್ಧ ಅಂಕವಿಲ್ಲ, ಮುದ್ದಾದ ಅಕ್ಷರಕ್ಕೆ ಮರುಳಾಗುವವರಿಲ್ಲ. ಯಂತ್ರಕ್ಕೆ ಕಾಣುವುದು ಕಪ್ಪು ವೃತ್ತ ಮಾತ್ರ.

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವನು. ಹುಷಾರು ಮಕ್ಕಳು ಅಂಕ ಕಳೆದುಕೊಳ್ಳುವುದನ್ನು ಹತ್ತಿರದಿಂದ ನೋಡುತ್ತಾ ಬಂದಿದ್ದೇನೆ. ಬೆಟ್ಟದಂಥ ಪ್ರಶ್ನೆ ಹತ್ತಿ ಇಳಿದವರು ಅಂಗಳದಲ್ಲಿ ಎಡವುತ್ತಾರೆ. ಕೆಳಗಿನ ಸೂತ್ರಗಳು ಬಹುತೇಕ ಅಂಗಳ ಗುಡಿಸುವ ಕೆಲಸಕ್ಕೆ ಸಂಬಂಧಿಸಿದವು. ಪಾಠ ಕಲಿಯುವ ಕೆಲಸ ನಿಮ್ಮದು, ಅದಕ್ಕೆ ಸೂತ್ರವಿಲ್ಲ.

1. ಮೊದಲು ಅಂಕದ ಲೆಕ್ಕ ಕಲಿಯಿರಿ

ನೀಟ್‌ಗೆ 180 ಪ್ರಶ್ನೆ, 720 ಅಂಕ. ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90. ಸರಿಯಾದರೆ 4 ಅಂಕ, ತಪ್ಪಿದರೆ 1 ಕಳೆಯುತ್ತಾರೆ, ಬಿಟ್ಟರೆ ಸೊನ್ನೆ. ಹಾಗಾಗಿ ಒಂದು ಪ್ರಶ್ನೆ ಬಿಟ್ಟವರಿಗೆ 716. ಒಂದನ್ನು ತಪ್ಪಿದವರಿಗೆ ನಾಲ್ಕು ಹೋಗಿ ಮೇಲೊಂದು ದಂಡ: 715. 719, 718 ಎಂಬ ಮೆಟ್ಟಿಲುಗಳೇ ಈ ಏಣಿಯಲ್ಲಿಲ್ಲ. 2024ರಲ್ಲಿ ಆ ಅಂಕಗಳು ಕಾಣಿಸಿಕೊಂಡಾಗ ದೇಶದ ತುಂಬ ಗುಲ್ಲೆದ್ದಿದ್ದು ಅದಕ್ಕೇ. ಪರೀಕ್ಷಾ ಕೇಂದ್ರದಲ್ಲಿ ಸಮಯ ಹಾಳಾಯಿತೆಂದು 1,563 ಮಂದಿಗೆ ಗ್ರೇಸ್ ಅಂಕ ಕೊಟ್ಟಿದ್ದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಗ್ರೇಸ್ ರದ್ದಾಯಿತು, ಜೂನ್ 23ಕ್ಕೆ ಅವರಿಗೆಂದೇ ಮರುಪರೀಕ್ಷೆ ನಡೆಯಿತು.

ಇನ್ನೊಂದು ಲೆಕ್ಕ, ಇದು ನನಗೆ ಇಷ್ಟದ್ದು. ಯಾವ ಪ್ರಶ್ನೆ ಕೊಟ್ಟರೂ ನೂರಕ್ಕೆ 99 ಸಲ ಸರಿಯಾಗಿ ಬಿಡಿಸುವ ಹುಡುಗಿ ಒಬ್ಬಳಿದ್ದಾಳೆ ಅಂದುಕೊಳ್ಳಿ. ಅವಳು 180ಕ್ಕೆ 180 ಸರಿ ಮಾಡುವ ಸಾಧ್ಯತೆ ಎಷ್ಟು? 0.99 ಅನ್ನು 180 ಸಲ ಗುಣಿಸಿ ನೋಡಿ. ನೂರಕ್ಕೆ ಬರೀ 16. ಅದೇ ಹುಡುಗಿ ಸಾವಿರಕ್ಕೆ 999ರ ಮಟ್ಟಕ್ಕೆ ಬಂದರೆ ಸಾಧ್ಯತೆ 84ಕ್ಕೆ ನೆಗೆಯುತ್ತದೆ. 99ರಿಂದ 99.9ಕ್ಕೆ ಹೋಗುವ ದಾರಿಯಲ್ಲಿ ಹೊಸ ಚಾಪ್ಟರು ಯಾವುದೂ ಸಿಗುವುದಿಲ್ಲ. ಅಲ್ಲಿರುವುದು ಕಣ್ತಪ್ಪು, ಕೈತಪ್ಪು, ಆತುರ.

2. ಪುಸ್ತಕ ಈ ವರ್ಷದ್ದೇ ಇರಲಿ

ಅಕ್ಕನ ಹಳೇ ಪುಸ್ತಕದಲ್ಲಿ ಓದುವುದು ನಮ್ಮಲ್ಲಿ ಮರ್ಯಾದಸ್ಥ ಪದ್ಧತಿ. ದುಡ್ಡು ಉಳಿಯುತ್ತದೆ, ಅಕ್ಕ ಗೆರೆ ಎಳೆದಿಟ್ಟ ಸಾಲುಗಳೂ ಸಿಗುತ್ತವೆ. ಆದರೆ 2024ರ ನೀಟ್ ನೋಡಿ. ಫಿಸಿಕ್ಸ್‌ನಲ್ಲಿ ಪರಮಾಣುವಿನ ಬಗ್ಗೆ ಎರಡು ಹೇಳಿಕೆಯ ಪ್ರಶ್ನೆಯೊಂದು ಬಂದಿತ್ತು. ಎರಡನೆಯ ಹೇಳಿಕೆ ಪ್ರತಿ ಮೂಲವಸ್ತುವಿನ ಪರಮಾಣುವೂ ಸ್ಥಿರ ಎನ್ನುತ್ತಿತ್ತು. ಎನ್‌ಸಿಇಆರ್‌ಟಿಯ ಹಳೆಯ ಆವೃತ್ತಿ ನೆಚ್ಚಿದವರು ಒಂದು ಉತ್ತರಕ್ಕೆ ಹೋದರು, ಹೊಸದನ್ನು ಓದಿದವರು ಇನ್ನೊಂದಕ್ಕೆ. ಪರೀಕ್ಷೆ ನಡೆಸಿದ ಎನ್‌ಟಿಎ ಮೊದಲು ಎರಡನ್ನೂ ಸರಿ ಎಂದು ಒಪ್ಪಿಕೊಂಡಿತ್ತು. ಸುಪ್ರೀಂ ಕೋರ್ಟ್ ಐಐಟಿ ದೆಹಲಿಯ ಮೂವರು ತಜ್ಞರನ್ನು ಕೇಳಿತು. ಸರಿ ಉತ್ತರ ಒಂದೇ, ಎರಡನೆಯ ಹೇಳಿಕೆ ತಪ್ಪು ಎಂದು ಅವರು ವರದಿ ಕೊಟ್ಟರು. ಯುರೇನಿಯಮ್, ರೇಡಿಯಮ್ ನೆನಪಿಸಿಕೊಂಡರೆ ಸಾಕಿತ್ತು, ಅವುಗಳ ಪರಮಾಣು ಎಲ್ಲಿಯ ಸ್ಥಿರ!

ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ತಲಾ 5 ಅಂಕ ಕಳೆದುಕೊಂಡರು. ಮೊದಲು 67 ಮಂದಿಗೆ 720 ಬಂದಿತ್ತು. ಗ್ರೇಸ್ ಹೋದ ಮೇಲೆ 61. ಈ ಒಂದು ಪ್ರಶ್ನೆಯಿಂದ 44 ಜನ ಕೆಳಗಿಳಿದು ಕೊನೆಗೆ ಉಳಿದವರು 17. ‘ಪ್ರತಿ’ ಎಂಬ ಒಂದು ಪದದ ವ್ಯತ್ಯಾಸ.

ಸಿಲಬಸ್ಸೂ ಹಾಗೆಯೇ. ಅದೇ ವರ್ಷ ನಮ್ಮ ಸಿಇಟಿಯಲ್ಲಿ ಪಠ್ಯದಿಂದ ಕೈಬಿಟ್ಟ ಭಾಗಗಳ ಮೇಲೆ ಪ್ರಶ್ನೆಗಳು ಬಂದು, ಗಲಾಟೆಯಾಗಿ, ಕೊನೆಗೆ 50 ಪ್ರಶ್ನೆಗಳನ್ನು ಲೆಕ್ಕದಿಂದ ತೆಗೆದರು. ಯಾವುದು ಇದೆ, ಯಾವುದು ಇಲ್ಲ ಎಂಬ ಪಟ್ಟಿಯನ್ನು ಪ್ರಿಂಟ್ ತೆಗೆದು ಓದುವ ಮೇಜಿನ ಎದುರಿನ ಗೋಡೆಗೆ ಅಂಟಿಸಿ. ಕ್ಯಾಲೆಂಡರಿನ ಪಕ್ಕದಲ್ಲಿ ಜಾಗ ಇರುತ್ತದೆ.

3. ಬಯಾಲಜಿ ಸಾಲು ಬಿಡದೆ

720ರಲ್ಲಿ 360 ಬಯಾಲಜಿಯದ್ದು. ನನ್ನ ವಿಷಯವಲ್ಲ, ಆದರೂ ಸತ್ಯ ಸತ್ಯವೇ. ಕೆಂಪು ರಕ್ತಕಣದ ಆಯುಸ್ಸು 120 ದಿನ ಎಂಬುದು ಎಲ್ಲರಿಗೂ ಬಾಯಿಪಾಠ. ಸತ್ತ ಕಣಗಳು ಎಲ್ಲಿ ನಾಶವಾಗುತ್ತವೆ, ಒಂದು ಘನ ಮಿಲಿಮೀಟರಿಗೆ ಎಷ್ಟು ಕಣ ಇರುತ್ತವೆ ಅಂದರೆ ಅರ್ಧ ಕ್ಲಾಸು ತಲೆ ಕೆರೆದುಕೊಳ್ಳುತ್ತದೆ. ಮೂರೂ ಒಂದೇ ಪ್ಯಾರಾದ ಆಸುಪಾಸಿನ ಸಂಗತಿಗಳು. ಚಿತ್ರದ ಕೆಳಗಿನ ಸಣ್ಣಕ್ಷರ, ಕೋಷ್ಟಕದ ಕೊನೆಯ ಸಾಲು, ಅಧ್ಯಾಯದ ಕೊನೆಯ ಸಾರಾಂಶ: ನೋಟ್ಸ್ ನಂಬಿದವರು ಬಿಟ್ಟುಬಿಡುವುದು ಇವನ್ನೇ.

4. ಮತ್ತೆ ಓದಬೇಡಿ, ಪುಸ್ತಕ ಮುಚ್ಚಿ ಬರೆಯಿರಿ

ಮೂರು ಸಲ ಓದಿದೆ ಸಾರ್, ಆದರೂ ಮರೆತುಹೋಯಿತು ಎನ್ನುವ ಮಕ್ಕಳಿಗೆ ನಾನು ಕೇಳುವುದು ಒಂದೇ: ಮುಚ್ಚಿ ಎಷ್ಟು ಸಲ ಬರೆದೆ? ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಇದನ್ನೇ ಪರೀಕ್ಷಿಸಿದರು. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು. ಉಳಿದವರು ಓದಿ, ಮುಚ್ಚಿಟ್ಟು, ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ ಬರೆದವರು ಸಾಕಷ್ಟು ಮುಂದೆ ಹೋಗಿದ್ದರು. ನೀವು ತಯಾರಾಗುತ್ತಿರುವುದು ಐದು ನಿಮಿಷದ ನಂತರದ ಪರೀಕ್ಷೆಗಲ್ಲವಲ್ಲ. ಹೈಲೈಟರ್ ಪೆನ್ನಿನ ಮೇಲೆ ನನಗೆ ನಂಬಿಕೆ ಕಡಿಮೆ. ಪುಟ ಹೋಳಿ ಆಡಿದಂತೆ ಕಾಣುತ್ತದೆ, ತಲೆ ಖಾಲಿಯೇ ಇರುತ್ತದೆ.

5. ತಪ್ಪಿನ ಪುಸ್ತಕ ಇಡಿ

ಈ ಹನ್ನೆರಡರಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಿ.

ಹಳ್ಳಿಯಿಂದ ದಿನಾ ಒಂದು ಗಂಟೆ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ನಮ್ಮಲ್ಲಿದ್ದಳು. ಸೆಕೆಂಡ್ ಪಿಯು ಶುರುವಾದಾಗ ಅವಳಿಗೆ ಒಂದು ಲಾಂಗ್ ನೋಟ್‌ಬುಕ್ ತರಲು ಹೇಳಿದೆ. ಪುಟಕ್ಕೆ ನಾಲ್ಕು ಕಾಲಂ: ಪ್ರಶ್ನೆ, ನಾನು ಬರೆದಿದ್ದು, ಸರಿ ಉತ್ತರ, ಯಾಕೆ ತಪ್ಪಿತು. ಹದಿನೈದು ದಿನ ಬಿಟ್ಟು ನೋಡಿದರೆ ನಾಲ್ಕನೇ ಕಾಲಂನಲ್ಲಿ ಉದ್ದಕ್ಕೂ ಒಂದೇ ಮಾತು: ಸಿಲ್ಲಿ ಮಿಸ್ಟೇಕ್, ಸಿಲ್ಲಿ ಮಿಸ್ಟೇಕ್, ಸಿಲ್ಲಿ ಮಿಸ್ಟೇಕ್. ಎಲ್ಲವನ್ನೂ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದೆ.

“ಸಿಲ್ಲಿ ಅಂದರೆ ಏನಮ್ಮಾ? ಕಾರಣ ಬರಿ.”

“ಗಮನ ಇರಲಿಲ್ಲ ಸಾರ್.”

“ಎಲ್ಲಿ ಇರಲಿಲ್ಲ? ಯಾವ ಸಾಲಿನಲ್ಲಿ?”

ಮುಖ ಸಣ್ಣದಾಯಿತು. ಆದರೆ ಮುಂದಿನ ವಾರದಿಂದ ಕಾಲಂ ಮಾತಾಡತೊಡಗಿತು. ಸೆಂಟಿಮೀಟರನ್ನು ಮೀಟರಿಗೆ ಬದಲಿಸಲಿಲ್ಲ. ವ್ಯಾಸ ಕೊಟ್ಟಿದ್ದರು, ತ್ರಿಜ್ಯ ಎಂದುಕೊಂಡೆ. ಮೈನಸ್ ಚಿಹ್ನೆ ಮುಂದಿನ ಸಾಲಿಗೆ ಇಳಿಸಲಿಲ್ಲ. ದೀಪಾವಳಿ ರಜೆಗೆ ಹೋಗುವ ಮುಂಚೆ ಅವಳೇ ಎಣಿಸಿ ತಂದು ತೋರಿಸಿದಳು. ಅರ್ಧಕ್ಕರ್ಧ ತಪ್ಪು ಯೂನಿಟ್ಟಿನದು. ಅವತ್ತಿನಿಂದ ಲೆಕ್ಕ ಬಿಡಿಸುವ ಮೊದಲು ಕೊಟ್ಟ ಸಂಖ್ಯೆಗಳನ್ನೆಲ್ಲ ಮೀಟರು, ಕಿಲೋಗ್ರಾಮು, ಸೆಕೆಂಡಿಗೆ ತಿರುಗಿಸಿ ಪಕ್ಕದಲ್ಲಿ ಬರೆದುಕೊಂಡೇ ಮುಂದೆ ಹೋಗುತ್ತಿದ್ದಳು.

ತ್ರಿಜ್ಯ 5 ಸೆಂಟಿಮೀಟರ್ ಇದ್ದಾಗ ಅದನ್ನು 5 ಮೀಟರ್ ಎಂದು ವರ್ಗ ಮಾಡಿದರೆ ಉತ್ತರ ಹತ್ತು ಸಾವಿರ ಪಟ್ಟು ಆಚೆ ಹೋಗುತ್ತದೆ. ಅಷ್ಟು ದೂರ ಹೋದರೆ ಗೊತ್ತಾಗುವುದಿಲ್ಲವೇ ಎನ್ನಬೇಡಿ. ಪ್ರಶ್ನೆ ತೆಗೆಯುವವರು ಆ ತಪ್ಪು ಉತ್ತರವನ್ನೂ ಎ, ಬಿ, ಸಿ, ಡಿಯಲ್ಲಿ ಒಂದಾಗಿ ಇಟ್ಟಿರುತ್ತಾರೆ. ನಾವೂ ಕಾಲೇಜಿನ ಪರೀಕ್ಷೆಗೆ ಹಾಗೆಯೇ ಇಡುತ್ತೇವೆ.

ಸಿಇಟಿ ಫಿಸಿಕ್ಸ್‌ನಲ್ಲಿ ಅವಳಿಗೆ 60ಕ್ಕೆ 58 ಬಂತು. ಕೀ ಉತ್ತರ ನೋಡಿಕೊಂಡು ಬಂದವಳು ಹೇಳಿದ್ದು, “ಎರಡೂ ಹೊಸ ತಪ್ಪು ಸಾರ್. ಪುಸ್ತಕದಲ್ಲಿ ಇರಲಿಲ್ಲ.”

6. ‘ಅಲ್ಲ’ ಎಂಬುದಕ್ಕೆ ಸುತ್ತು ಹಾಕಿ

‘ಇವುಗಳಲ್ಲಿ ಸರಿಯಲ್ಲದ ಹೇಳಿಕೆ ಯಾವುದು?’ ಎಂದು ಕೇಳಿರುತ್ತಾರೆ. ಹುಷಾರು ಹುಡುಗ ‘ಎ’ ಓದುತ್ತಾನೆ, ಸರಿ ಇದೆ, ಖುಷಿಯಲ್ಲಿ ವೃತ್ತ ತುಂಬಿ ಮುಂದೆ ಹೋಗುತ್ತಾನೆ. ಗೊತ್ತಿದ್ದೂ ತಪ್ಪುವುದು ಎಂದರೆ ಇದೇ. ‘ಅಲ್ಲ’, ‘ಹೊರತುಪಡಿಸಿ’, ‘ತಪ್ಪಾದ’ ಎಂಬ ಪದ ಕಂಡ ಕೂಡಲೇ ಪ್ರಶ್ನೆಪತ್ರಿಕೆಯ ಮೇಲೆ ಪೆನ್ನಿನಿಂದ ಸುತ್ತು ಹಾಕಿ. ನಾಲ್ಕೂ ಆಯ್ಕೆ ಓದದೆ ಯಾವುದನ್ನೂ ತುಂಬಬೇಡಿ.

7. ಕನ್ನಡ ಮಾಧ್ಯಮದಿಂದ ಬಂದವರಿಗೆ

ಹತ್ತನೇ ಕ್ಲಾಸಿನವರೆಗೆ ವೇಗೋತ್ಕರ್ಷ, ಜಡತ್ವ, ದ್ಯುತಿಸಂಶ್ಲೇಷಣೆ ಎಂದು ಕಲಿತು ಬಂದ ಮಗುವಿಗೆ ಫಸ್ಟ್ ಪಿಯುನಲ್ಲಿ ಅವೇ ಸಂಗತಿಗಳು ಆಕ್ಸಿಲರೇಶನ್, ಇನರ್ಷಿಯಾ, ಫೋಟೋಸಿಂಥೆಸಿಸ್ ಆಗಿ ಎದುರಾಗುತ್ತವೆ. ಗೊತ್ತಿರುವ ಮನುಷ್ಯ ವೇಷ ಹಾಕಿ ಬಂದಂತೆ. ಜೂನ್, ಜುಲೈ ಎರಡು ತಿಂಗಳು ಜೇಬಿನಲ್ಲಿ ಹಿಡಿಸುವ ಪುಸ್ತಕವೊಂದರಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಪದ ಬರೆಯುತ್ತಾ ಹೋಗಿ. ದಿನಕ್ಕೆ ಹತ್ತು ಪದ ಸಾಕು. ಆಗಸ್ಟ್ ಹೊತ್ತಿಗೆ ಹೆದರಿಕೆ ಹೋಗಿರುತ್ತದೆ. ಅರ್ಥ ಮಾಡಿಕೊಂಡು ಬಂದವರು ನೀವು. ಇಂಗ್ಲಿಷ್ ಮಾಧ್ಯಮದಲ್ಲಿ ಉರು ಹೊಡೆದು ಬಂದವರಿಗಿಂತ ನಿಮ್ಮ ಬುಡ ಗಟ್ಟಿ ಇರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ನೀಟ್ ಕನ್ನಡದಲ್ಲೂ ಬರೆಯಬಹುದು. ಕನ್ನಡ ಆರಿಸಿಕೊಂಡವರಿಗೆ ಪ್ರಶ್ನೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ ಎಂಬುದು ನಿಯಮ. ಹಾಗಾಗಿ ಕನ್ನಡ ಆರಿಸಿಕೊಂಡರೂ ಆ ಪದಗಳ ಪುಸ್ತಕ ಬೇಕೇ ಬೇಕು.

8. ದೇಹದ ಗಡಿಯಾರವನ್ನು ಪರೀಕ್ಷೆಗೆ ಹೊಂದಿಸಿ

2025ರ ನೀಟ್ ನಡೆದಿದ್ದು ಮಧ್ಯಾಹ್ನ 2ರಿಂದ 5. ಮೇ ತಿಂಗಳ ಸೆಕೆ, ಊಟದ ನಂತರದ ಮಂಪರು. ವರ್ಷವಿಡೀ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದಿ ಮಧ್ಯಾಹ್ನ ಕಣ್ಣು ಮುಚ್ಚಿದವರಿಗೆ ಆ ಮೂರು ಗಂಟೆಯಲ್ಲಿ ಆಕಳಿಕೆ ಬರದೆ ಇನ್ನೇನು? ಕೊನೆಯ ಎರಡು ತಿಂಗಳು ಅಣಕು ಪರೀಕ್ಷೆಗಳನ್ನು ಅದೇ ಹೊತ್ತಿಗೆ ಬರೆಯಿರಿ. ಫ್ಯಾನ್ ನಿಧಾನಕ್ಕೆ ಇರಲಿ. ಊಟಕ್ಕೆ ಮುದ್ದೆ ಇದ್ದರೆ ಅರ್ಧ ಮುದ್ದೆ.

180 ನಿಮಿಷಕ್ಕೆ 180 ಪ್ರಶ್ನೆ, ನಿಮಿಷಕ್ಕೊಂದು. ಬಯಾಲಜಿ 90ನ್ನು 45 ನಿಮಿಷದಲ್ಲಿ ಮುಗಿಸಬಲ್ಲವರಿಗೆ ಫಿಸಿಕ್ಸ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ಸಿಇಟಿಯಲ್ಲಿ ಇನ್ನೊಂದು ಮೋಸವಿದೆ: ಪತ್ರಿಕೆಯ ಅವಧಿ 80 ನಿಮಿಷ ಎಂದಿರುತ್ತದೆ, ಉತ್ತರಿಸಲು ಸಿಗುವುದು 70. ಮೂರನೇ ಬೆಲ್ ಆದ ಮೇಲಷ್ಟೇ ಪತ್ರಿಕೆ ತೆರೆಯಬೇಕು. ಮನೆಯಲ್ಲಿ 80 ನಿಮಿಷ ಇಟ್ಟುಕೊಂಡು ಅಭ್ಯಾಸ ಮಾಡಿದವರಿಗೆ ಅಲ್ಲಿ ಹತ್ತು ನಿಮಿಷ ಮಾಯ.

9. ವೃತ್ತ ತುಂಬುವುದೂ ಒಂದು ವಿದ್ಯೆ

ಓಎಂಆರ್ ಹಾಳೆಯನ್ನು ಮೊದಲ ಸಲ ಮುಟ್ಟುವುದು ಪರೀಕ್ಷೆಯ ದಿನ ಆಗಬಾರದು. ಅಂಗಡಿಯಲ್ಲಿ ಖಾಲಿ ಹಾಳೆ ಸಿಗುತ್ತದೆ, ಜೆರಾಕ್ಸ್ ಮಾಡಿಸಿ. ಬಾಲ್ ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸಲು ಬರುವುದಿಲ್ಲ.

ಎಲ್ಲ ಉತ್ತರ ಪ್ರಶ್ನೆಪತ್ರಿಕೆಯಲ್ಲಿ ಗುರುತು ಹಾಕಿಕೊಂಡು ಕೊನೆಯ ಹತ್ತು ನಿಮಿಷದಲ್ಲಿ ಒಟ್ಟಿಗೆ ತುಂಬುತ್ತೇನೆ ಎನ್ನುವವರಿಗೆ ನನ್ನ ವಿರೋಧವಿದೆ. 37ನೇ ಪ್ರಶ್ನೆ ಬಿಟ್ಟಿದ್ದು ಮರೆತು 38ರ ಉತ್ತರವನ್ನು 37ಕ್ಕೆ ತುಂಬಿದ ಹುಡುಗನಿಗೆ ಅದು ಗೊತ್ತಾಗಿದ್ದು ಕೊನೆಯ ವೃತ್ತ ಖಾಲಿ ಉಳಿದಾಗ. ಪುಟಕ್ಕೊಮ್ಮೆ ತುಂಬಿ. ಪ್ರತಿ ಹತ್ತನೇ ಸಂಖ್ಯೆಗೆ ಬಂದಾಗ ಪತ್ರಿಕೆಯ ನಂಬರು, ಹಾಳೆಯ ನಂಬರು ಒಂದೇ ಇದೆಯೇ ನೋಡಿ. ಸಿಇಟಿಯವರು ವರ್ಷನ್ ಕೋಡನ್ನು ಎರಡು ಸಲ ನೋಡಿ. ಕೋಡ್ ತಪ್ಪಾದರೆ ಅರವತ್ತು ಸರಿ ಉತ್ತರವೂ ಬೇರೆಯವರ ಕೀಗೆ ತಾಳೆಯಾಗಬೇಕಾಗುತ್ತದೆ.

10. ಗೊತ್ತಿಲ್ಲದ ಪ್ರಶ್ನೆಗೆ ಎರಡು ಕಾನೂನು

ಸಿಇಟಿಯಲ್ಲಿ ನೆಗೆಟಿವ್ ಅಂಕವಿಲ್ಲ. ಒಂದು ವೃತ್ತವನ್ನೂ ಖಾಲಿ ಬಿಡಬೇಡಿ, ಬಿಟ್ಟರೆ ಅದು ದಡ್ಡತನ. ನೀಟ್‌ನಲ್ಲಿ ಎರಡು ಆಯ್ಕೆಗಳನ್ನು ಖಂಡಿತ ತಪ್ಪೆಂದು ಹೊಡೆದುಹಾಕಲು ಆದರೆ ಉಳಿದ ಎರಡರಲ್ಲಿ ಒಂದನ್ನು ತುಂಬಿ. ಸರಾಸರಿಯಲ್ಲಿ ಒಂದೂವರೆ ಅಂಕ ನಿಮ್ಮ ಕಡೆಗೇ ಇದೆ. ನಾಲ್ಕೂ ಒಂದೇ ತರಹ ಕಂಡರೆ ಬಿಟ್ಟು ಮುಂದೆ ಹೋಗಿ, ಸಮಯ ಉಳಿದರೆ ತಿರುಗಿ ಬನ್ನಿ. ದೇವರ ಹೆಸರು ಹೇಳಿ ‘ಸಿ’ ತುಂಬುವುದು ನಮ್ಮ ಕಾಲದಿಂದ ಬಂದ ಪದ್ಧತಿ. ಫಲ ಕೊಟ್ಟಿದ್ದು ನಾ ಕಾಣೆ.

11. ಪಿಯು ಪರೀಕ್ಷೆಯನ್ನು ಮಲಮಗುವಿನಂತೆ ನೋಡಬೇಡಿ

ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅಂಕ ಅರ್ಧ, ಪಿಯುನ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಇನ್ನರ್ಧ. ಸಿಇಟಿಯಲ್ಲಿ 180ಕ್ಕೆ 180 ಬಂದರೂ ಪಿಯುನಲ್ಲಿ ಡಿರೈವೇಶನ್ ಅರ್ಧ ಬರೆದು ಬಂದವರ ರ‍್ಯಾಂಕು ಹಿಂದಕ್ಕೆ ಜಾರುತ್ತದೆ. ಅಲ್ಲಿ ಸ್ಟೆಪ್ಪಿಗೂ ಅಂಕವಿದೆ, ಅಕ್ಷರಕ್ಕೂ ಬೆಲೆಯಿದೆ. ಪ್ರಾಕ್ಟಿಕಲ್ ರೆಕಾರ್ಡ್ ಬರೆಯುವುದು ಟೈಮ್ ವೇಸ್ಟ್ ಎನ್ನುವ ಹುಡುಗರೇ, ನಿಮಗೇ ಹೇಳಿದ್ದು.

12. ಅಪ್ಪ ಅಮ್ಮಂದಿರಿಗೆ ಒಂದು, ಮಕ್ಕಳಿಗೆ ಒಂದು

2020ರಲ್ಲಿ ನೀಟ್ ಬರೆದ ಇಬ್ಬರಿಗೆ 720ಕ್ಕೆ 720 ಬಂತು, ಒಡಿಶಾದ ಒಬ್ಬ ಹುಡುಗ, ಉತ್ತರ ಪ್ರದೇಶದ ಒಬ್ಬ ಹುಡುಗಿ. ಇಬ್ಬರದೂ ಸಮ ಅಂಕವಾದ್ದರಿಂದ ವಯಸ್ಸು ನೋಡಿದರು. ದೊಡ್ಡವನಾದ ಹುಡುಗನಿಗೆ ಮೊದಲ ರ‍್ಯಾಂಕು, ಹುಡುಗಿಗೆ ಎರಡನೆಯದು. ಒಂದೂ ತಪ್ಪು ಮಾಡದವಳು ಎರಡನೆಯವಳಾದಳು. 2025ರಲ್ಲಿ ಪತ್ರಿಕೆ ಕಠಿಣವಿತ್ತು. 22 ಲಕ್ಷಕ್ಕೂ ಹೆಚ್ಚು ಮಂದಿ ಬರೆದರೂ 720 ಯಾರಿಗೂ ಬರಲಿಲ್ಲ. ದೇಶಕ್ಕೇ ಮೊದಲು ಬಂದವನ ಅಂಕ 686. ಹಿಂದಿನ ವರ್ಷ ಅಷ್ಟೇ ಅಂಕ ತೆಗೆದವರ ರ‍್ಯಾಂಕು ಎಲ್ಲೋ ಸಾವಿರಗಳಲ್ಲಿತ್ತು. ಆದ್ದರಿಂದ ಮನೆಯಲ್ಲಿ ‘ಎದುರು ಮನೆಯವನಿಗೆ ಎಷ್ಟಂತೆ?’ ಎಂಬ ಪ್ರಶ್ನೆಯನ್ನು ದಯವಿಟ್ಟು ಫಲಿತಾಂಶದ ಸಂಜೆಯಾದರೂ ಕೇಳಬೇಡಿ. ಪರೀಕ್ಷೆಯ ಹಿಂದಿನ ರಾತ್ರಿ ಮಗುವನ್ನು ಹತ್ತಕ್ಕೆ ಮಲಗಿಸಿ. ಬಟ್ಟೆಯ ನಿಯಮವನ್ನು ಸಂಜೆಯೇ ನೋಡಿಕೊಳ್ಳಿ. ಪ್ರವೇಶಪತ್ರ, ಫೋಟೋ, ಗುರುತಿನ ಚೀಟಿ ಎಲ್ಲವನ್ನೂ ಆಗಲೇ ಒಂದು ಕವರಿನಲ್ಲಿ ಹಾಕಿ ಬಾಗಿಲ ಬಳಿ ಇಡಿ. ನೀಟ್ ಕೇಂದ್ರದ ಗೇಟು ಒಂದೂವರೆಗೆ ಮುಚ್ಚುತ್ತದೆ. ಟ್ರಾಫಿಕ್ ಇತ್ತು ಅಂದರೆ ಅಲ್ಲಿ ಕೇಳುವವರಿಲ್ಲ.

ಮಕ್ಕಳಿಗೆ ಹೇಳುವುದು ಇಷ್ಟೇ. ಬರುವ ಭಾನುವಾರ ಮಧ್ಯಾಹ್ನ ಎರಡಕ್ಕೆ ಹಳೆಯ ಪ್ರಶ್ನೆಪತ್ರಿಕೆ ಒಂದು, ಓಎಂಆರ್ ಹಾಳೆ ಒಂದು, ಕಪ್ಪು ಬಾಲ್ ಪೆನ್ನು ಒಂದು ಇಟ್ಟುಕೊಂಡು ಕೂತುಬಿಡಿ. ಫೋನು ಅಮ್ಮನ ಹತ್ತಿರ ಇರಲಿ. ಐದಕ್ಕೆ ಎದ್ದು ಕಾಫಿ ಕುಡಿದು, ತಪ್ಪಿನ ಪುಸ್ತಕದ ಮೊದಲ ಪುಟ ತುಂಬಿ.